ಕುಣಿತ, ನೃತ್ಯ, ನಾಟ್ಯ, ಆಟ: ಎಲ್ಲಾ ಒಂದೇನಾ ಮೇಡಂ?

ಗಣೇಶನ್ನ ಬಿಟ್ಟಾಯ್ತು, ದಸರಾ ಬಂತು, ಅದರ ಬೆನ್ನಿಗೇ ರಾಜ್ಯೋತ್ಸವ, ಆಮೇಲೆ ಸ್ಕೂಲ್ ಡೇಗಳು. ಎಲ್ಲೆಲ್ಲೂ ಕುಣಿಯೋ ಸೀಸನ್ನು. ಅದಕ್ಕೋ ಏನೋ ಈ ಸಲ ಪದಗಳ ಬಗ್ಗೆ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕುಣಿತದ ಸುತ್ತಾನೇ ಇವೆ. ಬೇರೆ ಪ್ರಶ್ನೆ ಕಳಿಸಿರೋರು ಬೇಜಾರು ಮಾಡ್ಕೋಬೇಡಿ, ಅವನ್ನ ಮುಂದಿನ ಸಂಚಿಕೆಗೆ ಇಟ್ಕೊಂಡಿದೀನಿ, ಇವತ್ತು ಇದೊಂದೇ ಪದದ ಹಿಂದೆ ಬೀಳೋಣ.

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ಕನ್ನಡ ಟೆಸ್ಟಲ್ಲಿ ‘ನೃತ್ಯ’ ಪದದ ಸಮಾನಾರ್ಥಕ ಬರೀರಿ ಅಂತ ಇತ್ತಂತೆ, ಇವಳು ‘ಕುಣಿತ’ ಅಂತ ಬರ್ದಿದಾಳೆ, ಸೊನ್ನೆ ಹಾಕಿದಾರೆ. ‘ನರ್ತನ, ನಾಟ್ಯ’ ಅಂತ ಬರೀಬೇಕಿತ್ತಂತೆ. ಕುಣಿತ ತಪ್ಪಾ ಮೇಡಂ?
(ತುಮಕೂರಿನಿಂದ ಒಬ್ಬ ತಾಯಿ)

ಉತ್ತರ: ತಪ್ಪೇನಲ್ಲ ಕಣಮ್ಮ, ಪೂರ್ತಿ ಮಾರ್ಕ್ಸ್ ಕೊಡಬೇಕಿತ್ತು. ಹಂಗೆ ನೋಡಿದ್ರೆ ಆ ಮೂರರಲ್ಲಿ ನೃತ್ಯಕ್ಕೆ ಸ್ವಲ್ಪ ದೂರ ಇರೋದು ‘ನಾಟ್ಯ’ ಅನ್ನೋ ಪದಾನೇ!

ಕುಣಿತ ಅಚ್ಚಗನ್ನಡ. ಕುಣಿ ಅನ್ನೋ ಧಾತುವಿಗೆ ‘ತ’ ಸೇರಿ ಕುಣಿತ, ಹೊಡಿ-ಹೊಡೆತ, ಕುಡಿ-ಕುಡಿತ, ಬಡಿ-ಬಡಿತ, ಮಿಡಿ-ಮಿಡಿತ, ಸೆಳೆ-ಸೆಳೆತ ಇದಾವಲ್ಲ ಅದೇ ಸಾಲು. ನರ್ತನ, ನೃತ್ಯ ಎರಡೂ ಸಂಸ್ಕೃತದ ‘ನೃತ್’ ಅನ್ನೋ ಒಂದೇ ಧಾತುವಿಂದ ಬಂದವು. ಸಮಾನಾರ್ಥಕ ಅಂತ ಬೇಕಂದ್ರೆ ಕುಣಿತ, ನರ್ತನ, ನೃತ್ಯ, ನಟನ, ನಲಿದಾಟ, ಲಾಸ್ಯ, ತಾಂಡವ, ಆಟ, ನಾಟ್ಯ ಅಂತ ಸಾಲಾಗಿ ಬರ್ಕೊಂಡು ಹೋಗಬಹುದು, ಡಿಕ್ಷನರಿಗಳೂ ಹೆಚ್ಚೂಕಮ್ಮಿ ಹಂಗೇ ಮಾಡೋದು. ಆದ್ರೆ ಬಳಕೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನ ಕೂರಿಸೋಕೆ ಹೋದ್ರೆ ಎಡವಟ್ಟಾಗತ್ತೆ. ‘ಡೊಳ್ಳು ನಾಟ್ಯ’ ಅಂತ ಅಂದು ನೋಡಿ, ನಗು ಬರಲ್ವಾ?

ಶಾಸ್ತ್ರದೋರು ನೃತ್ತ, ನೃತ್ಯ, ನಾಟ್ಯ ಅಂತ ಮೂರು ಬೇರೆ ಬೇರೆ ಮಾಡಿಟ್ಟಿದಾರೆ. ಹತ್ತನೇ ಶತಮಾನದಲ್ಲಿ ಧನಂಜಯ ಬರೆದ ದಶರೂಪಕದಲ್ಲಿ ಇದು ಚೊಕ್ಕವಾಗಿದೆ: ತಾಳ ಲಯಗಳನ್ನ ಮಾತ್ರ ನೆಚ್ಚಿಕೊಂಡಿದ್ದು ನೃತ್ತ, ಭಾವವನ್ನ ನೆಚ್ಚಿಕೊಂಡಿದ್ದು ನೃತ್ಯ, ಪಾತ್ರಗಳ ಅವಸ್ಥೆಯನ್ನ ಅನುಕರಣೆ ಮಾಡಿ ತೋರಿಸೋದು ನಾಟ್ಯ, ಅಂದ್ರೆ ನಾಟಕ. (ಧನಂಜಯ ಇದ್ದಿದ್ದು ಮಾಳವದ ರಾಜ ಮುಂಜನ ಆಸ್ಥಾನದಲ್ಲಿ, ಆ ಮುಂಜನ್ನ ಸೆರೆ ಹಿಡಿದು ಕೊಂದಿದ್ದು ನಮ್ಮ ಕಲ್ಯಾಣದ ಚಾಲುಕ್ಯರ ಇಮ್ಮಡಿ ತೈಲಪ. ಪದದ ವಿಷಯಕ್ಕೆ ಇದು ಬೇಕಿಲ್ಲ, ನೆನಪಾಯ್ತು ಹೇಳ್ದೆ.) ಭರತನಾಟ್ಯ ಕ್ಲಾಸಿಗೆ ಹೋಗೋ ಮಕ್ಕಳಿಗೆ ಇದು ಬೇಗ ಅರ್ಥ ಆಗತ್ತೆ, ಅಲರಿಪು, ಜತಿಸ್ವರ, ತಿಲ್ಲಾನ ಅನ್ನೋ ಭಾಗಗಳೆಲ್ಲಾ ನೃತ್ತ, ಅಲ್ಲಿ ಕಥೆ ಹೇಳೋ ಗೋಜಿಲ್ಲ, ಕೈಕಾಲು ತಾಳಕ್ಕೆ ಸೇರಿದ್ರೆ ಸಾಕು. ಪದ, ಜಾವಳಿ ಅನ್ನೋ ಹಾಡುಗಳಿಗೆ ಮಾಡೋದು ನೃತ್ಯ, ಸಾಹಿತ್ಯ ಇದೆ, ಅದಕ್ಕೆ ಅಭಿನಯ ಇದೆ. ವರ್ಣ ಅನ್ನೋ ಭಾಗದಲ್ಲಿ ಎರಡೂ ಬರತ್ತೆ, ಅದಕ್ಕೇ ಅದು ಅಷ್ಟುದ್ದ, ಮಾಡೋರಿಗೂ ಉಸಿರು ಹತ್ತತ್ತೆ ನೋಡೋರಿಗೂ.

ಹಳಗನ್ನಡದಲ್ಲಿ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿ ನೀಲಾಂಜನೆ ಅನ್ನೋ ದೇವಲೋಕದ ನರ್ತಕಿ ಆದಿದೇವನ, ಅಂದ್ರೆ ಜೈನರ ಮೊದಲ ತೀರ್ಥಂಕರನ ಮುಂದೆ ನರ್ತಿಸ್ತಾ ನರ್ತಿಸ್ತಾನೇ ಆಯಸ್ಸು ತೀರಿ ಮಾಯ ಆಗಿಬಿಡ್ತಾಳೆ, ರಸಭಂಗ ಆಗಬಾರದು ಅಂತ ಇಂದ್ರ ತಟ್ಟನೆ ಅವಳಂಥವಳನ್ನೇ ಸೃಷ್ಟಿ ಮಾಡಿ ಅದೇ ಜಾಗದಲ್ಲಿ ನಿಲ್ಲಿಸ್ತಾನೆ, ಸಭೆಯಲ್ಲಿ ಯಾರಿಗೂ ಗೊತ್ತಾಗಲ್ಲ, ಆದಿದೇವನಿಗೆ ಮಾತ್ರ ಗೊತ್ತಾಗಿ ವೈರಾಗ್ಯ ಹುಟ್ಟತ್ತೆ. ಅಲ್ಲಿ ‘ರಸಭಂಗ’ ಅನ್ನೋ ಮಾತು ಬರೋದೇ ಅದು ಬರೀ ಕಾಲಾಟ ಅಲ್ಲ, ರಸಕ್ಕೆ ಸೇರಿದ್ದು ಅನ್ನೋ ಕಾರಣಕ್ಕೆ. ಆ ಸಭೇಲಿ ನಡೆದಿದ್ದನ್ನ ‘ಕುಣಿತ’ ಅಂದ್ರೆ ಯಾಕೋ ಹೊಂದಲ್ಲ, ಒಪ್ಪುತೀನಿ. ಆದ್ರೆ ಹೊಂದಲ್ಲ ಅನ್ನೋದು ಬೇರೆ, ಅರ್ಥವೇ ಬೇರೆ ಅನ್ನೋದು ಬೇರೆ. ಏಳನೇ ಕ್ಲಾಸಿನ ಪ್ರಶ್ನೆಗೆ ಕುಣಿತ ಸರಿಯುತ್ತರ. ಹೋಗಿ ಮಾರ್ಕ್ಸ್ ಕೇಳಿ, ಜಗಳ ಮಾತ್ರ ಆಡಬೇಡಿ.

ಪ್ರಶ್ನೆ: ನಮ್ಮ ಕಡೆ ಕುಣಿ ಅಂದ್ರ ತಗ್ಗು ರೀ. ಹೆಣಾ ಹುಗಿಯಾಕ ಕುಣಿ ತಗದಾರ ಅಂತೀವಿ. ಆ ಕುಣಿಗೂ ಈ ಕುಣಿಯೂದಕ್ಕೂ ಏನರ ಸಂಬಂಧ ಐತೇನ್ರೀ?
(ಧಾರವಾಡದ ಓದುಗರು)

ಉತ್ತರ: ಇಲ್ಲ ರೀ. ಕೇಳೋಕೆ ಒಂದೇ ಥರ, ಪದ ಮಾತ್ರ ಎರಡು. ತಗ್ಗಿನ ಕುಣಿ ನಾಮಪದ, ಅದು ಕುಳಿ, ಗುಳಿ, ಗುಣಿಗಳ ಬಳಗದ್ದು. ನಮ್ಮ ಕಡೆ ತೆಂಗಿನ ಸಸಿ ನೆಡೋಕೆ ಗುಣಿ ತೋಡ್ತಾರೆ, ಕೆನ್ನೆ ಮೇಲೆ ಬೀಳೋದು ಗುಳಿ. ನರ್ತಿಸೋ ಕುಣಿ ಕ್ರಿಯಾಪದ. ಎರಡೂ ಒಂದೇ ವಾಕ್ಯದಲ್ಲಿ ಬಂದು ಕುಣಿ ತಗದವರು ಕುಣದ್ರು ಅಂದ್ರೂ ನಿಮ್ಮೂರಲ್ಲಿ ಯಾರಿಗೂ ಗೊಂದಲ ಆಗಲ್ಲ.

ಪ್ರಶ್ನೆ: ‘ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ’ ಅಂತ ಗಾದೆ ಇದೆ. ಬರೀ ಹೆಂಗಸರನ್ನೇ ಯಾಕೆ ಆಡ್ಕೋತಾರೆ? ಗಂಡಸರು ಕುಣಿಯಲ್ವಾ?
(ಹಾಸನದಿಂದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಒಳ್ಳೆ ಪ್ರಶ್ನೆ ಕಣಮ್ಮ. ಹಳಬರ ಬಾಯಲ್ಲಿ ಈ ಗಾದೆ ‘ಕುಣಿಯಲಾರದ ಸೂಳೆ’ ಅಂತಲೇ ಇತ್ತು, ನಾವು ಮೆತ್ತಗೆ ‘ಕುಣಿಯಲಾರದವಳು’ ಅಂತ ಮಾಡ್ಕೊಂಡಿದೀವಿ. ಅಂದ್ರೆ ಗಾದೆ ಮಾತಾಡ್ತಿರೋದು ಎಲ್ಲಾ ಹೆಂಗಸರ ಬಗ್ಗೆ ಅಲ್ಲ, ಕುಣಿತಾನೇ ಕಸುಬಾಗಿದ್ದ ಹೆಂಗಸರ ಬಗ್ಗೆ. ದೇವಸ್ಥಾನದಲ್ಲಿ, ಅರಮನೇಲಿ, ಮದುವೆ ಮನೇಲಿ ಕುಣಿಯೋದು ಅವರ ಕೆಲಸ. ಕಲೆ ಎಲ್ಲರಿಗೂ ಬೇಕಿತ್ತು, ಕಲಾವಿದೆಗೆ ಮರ್ಯಾದೆ ಕೊಡೋದು ಯಾರಿಗೂ ಬೇಕಿರಲಿಲ್ಲ. ‘ಕುಣಿಯೋಳು’ ಅನ್ನೋದು ಬೈಗುಳ ಆಗಿದ್ದೂ, ಹುಡುಗೀರಿಗೆ ‘ಏನೇ ಅದು ಕುಣಿದಾಟ’ ಅಂತ ಗದರೋದೂ ಅಲ್ಲಿಂದಾನೇ ಬಂದಿರೋದು ಅಂತ ನಾನಂದ್ಕೊಂಡಿದೀನಿ.

ಪದಗಳ ಮರ್ಯಾದೆ ಹೆಂಗೆ ಏರಿಳಿಯತ್ತೆ ನೋಡಿ. ಇವತ್ತು ಭರತನಾಟ್ಯ ಅಂತೀವಲ್ಲ, ಅದನ್ನ ತಮಿಳುನಾಡಲ್ಲಿ ಸದಿರ್ ಅಂತಿದ್ರು, ದಾಸಿಯಾಟ್ಟಂ ಅಂತಾನೂ ಅಂತಿದ್ರು. 1930ರ ದಶಕದಲ್ಲಿ ಇ. ಕೃಷ್ಣ ಅಯ್ಯರ್, ರುಕ್ಮಿಣಿ ದೇವಿ ಅರುಂಡೇಲ್ ಥರದೋರು ಅದನ್ನ ಹೊಸ ವೇದಿಕೆಗೆ ತಂದ್ರು, ದೊಡ್ಡ ಮನೆಯ ಹೆಣ್ಣುಮಕ್ಕಳು ಕಲಿಯೋಕೆ ಶುರು ಮಾಡಿದ್ರು, ‘ಭರತನಾಟ್ಯ’ ಅನ್ನೋ ಹೆಸರು ನೆಲೆಯಾಯ್ತು, ಆಟ್ಟಂ ಹೋಗಿ ನಾಟ್ಯ ಬಂತು. ತಮಾಷೆ ಅಂದ್ರೆ ಮೇಲೆ ಹೇಳಿದ ಲೆಕ್ಕದಲ್ಲಿ ನೋಡಿದ್ರೆ ಒಬ್ಬರೇ ನಿಂತು ಮಾಡೋ ಈ ಕಲೆ ಬಹುಪಾಲು ನೃತ್ತ ಮತ್ತೆ ನೃತ್ಯ, ನಾಟ್ಯ ಕಮ್ಮಿ! ಆದ್ರೆ ಹೆಸರಿಗೆ ಬೇಕಿದ್ದಿದ್ದು ಲಕ್ಷಣ ಅಲ್ಲ, ಗೌರವ.

ಮೈಸೂರಲ್ಲಿ ಮಾತ್ರ ಆ ಹಳೇ ಕೊಂಡಿ ಪೂರ್ತಿ ಕಳಚಲಿಲ್ಲ. ಅರಮನೆಯ ನರ್ತಕಿ ಜಟ್ಟಿ ತಾಯಮ್ಮ (1857–1947), ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906–2002), ಇವರಿಬ್ಬರೂ ಅರಮನೆಯ ಆ ಪರಂಪರೆಯಲ್ಲೇ ಕಲಿತು ಬೆಳೆದೋರು. ವೆಂಕಟಲಕ್ಷಮ್ಮ ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ರು, 1992ರಲ್ಲಿ ಪದ್ಮಭೂಷಣ ಬಂತು. ಅಂಗಳ ಡೊಂಕು ಅಂದವರಲ್ಲ ಅವರು.

ಗಂಡಸರು ಕುಣಿಯಲ್ವಾ ಅಂದ್ರಿ. ಕುಣಿಯೋದೇ ಅವರು! ಡೊಳ್ಳು, ಕಂಸಾಳೆ, ವೀರಗಾಸೆ, ಯಕ್ಷಗಾನ ಎಲ್ಲಾ ಮೊದಲಿಂದ ಗಂಡಸರ ಕೈಲೇ ಇದ್ದಿದ್ದು, ಹೆಣ್ಣುಮಕ್ಕಳ ತಂಡಗಳು ಎದ್ದು ನಿಂತಿದ್ದು ಈಚೆಗೆ. ಆದ್ರೂ ಗಾದೆ ಮಾತ್ರ ಅವರ ಮೇಲೆ ಹುಟ್ಟಲಿಲ್ಲ ನೋಡಿ.

ಪ್ರಶ್ನೆ: ನಮ್ಮಲ್ಲಿ ಯಕ್ಷಗಾನಕ್ಕೆ ‘ಆಟ’ ಅಂತಲೇ ಹೇಳುದು. ‘ಇವತ್ತು ರಾತ್ರಿ ಆಟ ಉಂಟು’ ಅಂದ್ರೆ ಬೆಂಗಳೂರಿನ ನೆಂಟರು ಕ್ರಿಕೆಟಾ ಅಂತ ಕೇಳ್ತಾರೆ ಮಾರಾಯ್ರೆ. ಇದು ಬರೀ ನಮ್ಮ ಕಡೆಯ ಮಾತಾ?
(ಕುಂದಾಪುರದ ಓದುಗರು)

ಉತ್ತರ: ಕ್ರಿಕೆಟ್ ಅಂದ್ಕೊಂಡ ನೆಂಟರನ್ನ ಒಂದ್ಸಲ ಚೌಕಿಗೆ ಕರ್ಕೊಂಡು ಹೋಗಿ ಬಣ್ಣ ಹಚ್ಚೋದನ್ನ ತೋರಿಸಿ, ಆಮೇಲೆ ಮಾತಾಡಲ್ಲ.

ನಿಮ್ಮದೇ ಹಳೇ ಬಳಕೆ. ‘ಆಡು’ ಅನ್ನೋ ಧಾತುವಿಗೆ ಚಲಿಸು, ಅಲುಗು, ಕ್ರೀಡಿಸು, ಮಾತಾಡು, ನರ್ತಿಸು ಎಲ್ಲಾ ಅರ್ಥ ಇದೆ. ಕಾಳಿಂಗನ ಹೆಡೆ ಮೇಲೆ ಕೃಷ್ಣ ಕುಣಿದಿದ್ದನ್ನ ಪುರಂದರದಾಸರು ‘ಆಡಿದನೋ ರಂಗ’ ಅಂತಾರೆ, ಅಲ್ಲಿ ಆಡಿದ್ದು ಅಂದ್ರೆ ನರ್ತನಾನೇ, ಚೆಂಡಾಟ ಅಲ್ಲ. ಕೋಲಾಟ ತಗೊಳ್ಳಿ, ಕೋಲು ಹಿಡ್ಕೊಂಡು ಆಡೋ ಆಟ, ಕುಣಿತ ಅನ್ನೋ ಪದ ಹತ್ತಿರಾನೂ ಸುಳಿಯಲ್ಲ, ಆದ್ರೂ ಅದು ಕುಣಿತ ಅಂತ ಎಲ್ಲರಿಗೂ ಗೊತ್ತು. ಬಯಲಾಟ, ಉತ್ತರ ಕರ್ನಾಟಕದ ದೊಡ್ಡಾಟ, ಸಣ್ಣಾಟ, ಎಲ್ಲಾ ಇದೇ ಆಟ. ಪಕ್ಕದ ಮನೆಗಳಲ್ಲೂ ಹಂಗೇ, ತಮಿಳಲ್ಲಿ ಆಟ್ಟಂ, ಮಲಯಾಳದಲ್ಲಿ ಮೋಹಿನಿಯಾಟ್ಟಂ, ಕೂಡಿಯಾಟ್ಟಂ. ಕೊಡಗಿಗೆ ಹೋದ್ರೆ ‘ಆಟ್’: ಹೆಂಗಸರ ಉಮ್ಮತ್ತಾಟ್, ಗಂಡಸರು ಚವರಿ ಹಿಡ್ಕೊಂಡು ದೀಪದ ಸುತ್ತ ಕುಣಿಯೋ ಬೊಳಕಾಟ್, ನವಿಲುಗರಿ ಹಿಡಿಯೋ ಪೀಲಿಯಾಟ್, ಪುತ್ತರಿ ಹಬ್ಬದ ಕೋಲಾಟ್. ದಕ್ಷಿಣದ ಭಾಷೆಗಳಲ್ಲೆಲ್ಲಾ ಆಡೋದೂ ಕುಣಿಯೋದೂ ಬೇರೆ ಬೇರೆ ಅಂತ ಗೆರೆ ಎಳೆದಿದ್ದು ಈಚೆಗೇ ಇರಬೇಕು.

ನಿಮ್ಮ ಕಡೆ ಇನ್ನೊಂದು ಚೆಂದದ ಜೋಡಿ ಇದೆ, ಆಟ-ಕೂಟ. ವೇಷ ಕಟ್ಟಿ ಕುಣಿದ್ರೆ ಆಟ, ವೇಷ ಇಲ್ದೆ ಕುಣಿತ ಇಲ್ದೆ ಕೂತ್ಕೊಂಡು ಅರ್ಥ ಹೇಳಿದ್ರೆ ತಾಳಮದ್ದಳೆ, ಅದು ಕೂಟ. ಅದೇ ಪ್ರಸಂಗ, ಅದೇ ಪದ್ಯ, ಅದನ್ನ ಹಾಡೋ ಅದೇ ಭಾಗವತರು, ಅದೇ ಚಂಡೆ ಮದ್ದಳೆ. ವೇಷ, ಕುಣಿತ ಎರಡನ್ನ ತೆಗೆದ ಕೂಡಲೇ ಹೆಸರೇ ಬದಲಾಗಿಬಿಡತ್ತೆ. ಆಟ ಅನ್ನೋ ಮಾತಿನ ಒಳಗೆ ಕುಣಿತ ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಆದ್ರೆ ಆಟದ ಒಳಗಿನ ಒಂದೊಂದು ಭಾಗ ಹೇಳುವಾಗ ನೀವೂ ಕುಣಿತ ಅಂತಾನೇ ಅಂತೀರಿ. ತೆರೆ ಕುಣಿತ, ಪ್ರಯಾಣ ಕುಣಿತ, ಯುದ್ಧ ಕುಣಿತ. ಬಡಗು, ಅಂದ್ರೆ ಉತ್ತರದ ಶೈಲಿಯವರು ಮಂಡಿಯೂರಿ ತಿರುಗೋ ‘ಮಂಡಿ’ ಬೇರೆ, ತೆಂಕು, ಅಂದ್ರೆ ದಕ್ಷಿಣದ ಶೈಲಿಯವರು ಹಾರಿ ತಿರುಗೋ ‘ದಿಗಿಣ’ ಬೇರೆ, ಎರಡನ್ನೂ ‘ನೃತ್ಯ’ ಅಂತ ಕರೆದೋರನ್ನ ನಾನು ಆಟದ ಬಯಲಲ್ಲಿ ಕೇಳಿಲ್ಲ, ಬೆಂಗಳೂರಿನ ಆಡಿಟೋರಿಯಂನಲ್ಲಿ ನಿರೂಪಣೆ ಮಾಡೋರ ಬಾಯಲ್ಲಿ ಮಾತ್ರ ಕೇಳಿದೀನಿ. 2012ರಲ್ಲಿ ಪದ್ಮಶ್ರೀ ಬಂದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಬಗ್ಗೆ ಇವತ್ತಿಗೂ ಜನ ಮಾತಾಡೋದು ‘ಚಿಟ್ಟಾಣಿ ಕುಣಿತ’ ಅಂತ. ಆ ವಯಸ್ಸಲ್ಲೂ ಆ ಕಾಲು! ಭಾಗವತರು ‘ಕುಣಿಸ್ತಾರೆ’ ಅನ್ನೋದೂ ನಿಮ್ಮದೇ ಮಾತು. ವೇಷಧಾರಿ ತಾನೇ ಕುಣಿಯೋದಲ್ಲ, ಪದ್ಯ ಎತ್ತಿ, ತಾಳ ಬಿಗಿ ಮಾಡಿ, ಸಡಿಲ ಮಾಡಿ ಅವನನ್ನ ಕುಣಿಸೋದು ಭಾಗವತರು, ಅದಕ್ಕೇ ಅವರನ್ನ ಒಂದನೇ ವೇಷ ಅಂತ ಕರೆಯೋದು, ಮುಖಕ್ಕೆ ಬಣ್ಣ ಇಲ್ಲದಿದ್ರೂ.

ಇನ್ನೊಂದು ವಿಷಯ. ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಅಂತ ನಾಟ್ಯಶಾಸ್ತ್ರ ಹೇಳೋ ನಾಲ್ಕೂ ಅಭಿನಯ, ಅಂದ್ರೆ ಮೈ, ಮಾತು, ವೇಷಭೂಷಣ, ಮನಸ್ಸಿನ ಭಾವ, ನಾಲ್ಕೂ ಒಟ್ಟಿಗೇ ಒಂದೇ ರಂಗಸ್ಥಳದಲ್ಲಿ ಸಿಗೋದು ನಿಮ್ಮ ಆಟದಲ್ಲಿ. ‘ನಾಟ್ಯ’ ಅನ್ನೋ ದೊಡ್ಡ ಪದಕ್ಕೆ ನಿಜವಾದ ಹಕ್ಕುದಾರರು ನೀವು, ಇಟ್ಕೊಂಡಿರೋ ಹೆಸರು ನೋಡಿದ್ರೆ ಬರೀ ಆಟ.

ಪ್ರಶ್ನೆ: ತುಳುವಿನಲ್ಲಿ ‘ನಲಿಕೆ’ ಅಂದ್ರೆ ಡ್ಯಾನ್ಸ್. ಕನ್ನಡದ ‘ನಲಿವು’ ಇದಕ್ಕೆ ನೆಂಟರಾ?
(ಮಂಗಳೂರು)

ಉತ್ತರ: ಹೌದು, ನಲಿ ಅನ್ನೋದಕ್ಕೆ ಸಂತೋಷಪಡು, ಕುಣಿ ಎರಡೂ ಅರ್ಥ. ಕನ್ನಡ ನೋವು-ನಲಿವು ಅಂತ ಸಂತೋಷದ ಕಡೆ ವಾಲಿತು, ತುಳು ಪಿಲಿ ನಲಿಕೆ (ಹುಲಿ ಕುಣಿತ) ಅಂತ ಕುಣಿತದ ಕಡೆ ವಾಲಿತು. ಕನ್ನಡದಲ್ಲೂ ಕುಣಿತದ ಅರ್ಥ ಪೂರ್ತಿ ಸತ್ತಿಲ್ಲ, ‘ನಾಲಿಗೆ ಮೇಲೆ ಸರಸ್ವತಿ ನಲಿದಾಡ್ತಾಳೆ’ ಅಂದಾಗ ಆಕೆ ಅಲ್ಲಿ ಸುಮ್ನೆ ಕೂತು ಖುಷಿಪಡ್ತಿಲ್ಲ. ಹಂಗೇ ಒಂದು ವಿನಂತಿ, ಭೂತಕೋಲವನ್ನ ‘ಕರಾವಳಿಯ ಡ್ಯಾನ್ಸ್ ಫಾರ್ಮ್’ ಅಂತ ರೀಲ್ಸ್ ಕೆಳಗೆ ಬರೆಯೋರು ದಯವಿಟ್ಟು ನಿಲ್ಲಿಸಿ, ಅಲ್ಲಿ ನಲಿಕೆ ಇದೆ ನಿಜ, ಆದ್ರೆ ಅದು ಆರಾಧನೆ.

ಪ್ರಶ್ನೆ: ನಟ ಅಂದ್ರೆ ಆ್ಯಕ್ಟರ್. ಹಾಗಿದ್ರೆ ನಟರಾಜ ಅಂದ್ರೆ ಆ್ಯಕ್ಟರ್‌ಗಳ ರಾಜನಾ? ಶಿವ ಡ್ಯಾನ್ಸ್ ಮಾಡೋನಲ್ವಾ?
(ಬಳ್ಳಾರಿಯಿಂದ ಒಬ್ಬ ಹೈಸ್ಕೂಲ್ ಹುಡುಗ)

ಉತ್ತರ: ಶಭಾಷ್, ಹಿಂಗೆ ಕೇಳಬೇಕು. ‘ನಟ್’ ಅನ್ನೋ ಧಾತು ‘ನೃತ್’ದೇ ಪ್ರಾಕೃತದ ಬಾಯಲ್ಲಿ ತಿರುಗಿದ ರೂಪ. ಮೊದಲು ಅದಕ್ಕೆ ಕುಣಿಯೋ ಅರ್ಥಾನೇ ಇದ್ದಿದ್ದು, ಹಳೇ ಕಾಲದಲ್ಲಿ ರಂಗದ ಮೇಲೆ ಕುಣಿಯೋನೂ ಪಾತ್ರ ಮಾಡೋನೂ ಒಬ್ಬನೇ ಆಗಿದ್ದರಿಂದ ಮೆಲ್ಲಗೆ ಅಭಿನಯದ ಕಡೆ ಸರೀತು. ನಟರಾಜ ಅನ್ನೋ ಹೆಸರಲ್ಲಿ ಹಳೇ ಅರ್ಥ ಹಂಗೇ ಉಳ್ಕೊಂಡಿದೆ. ನಿಮ್ಮೂರಿಂದ ಬಾದಾಮಿ ಏನು ಬಹಳ ದೂರ ಇಲ್ಲ, ಅಲ್ಲಿ ಮೊದಲನೇ ಗುಹೆ ಹೊರಗೋಡೆ ಮೇಲೆ ಚಾಲುಕ್ಯರು ಆರನೇ ಶತಮಾನದಲ್ಲಿ ಕೆತ್ತಿಸಿದ ಹದಿನೆಂಟು ಕೈಯಿನ ನಟರಾಜ ಇದಾನೆ, ಅಪ್ಪ ಅಮ್ಮನ್ನ ಕಾಡಿಸಿಯಾದ್ರೂ ಹೋಗಿ ನೋಡು. ಎಡಗಡೆ ಕೈ ಬಲಗಡೆ ಕೈ ಜೋಡಿ ಮಾಡ್ತಾ ಹೋದ್ರೆ ಒಂದೊಂದು ಜೋಡಿ ಒಂದೊಂದು ಭಂಗಿ. ಆಮೇಲೆ ನಟ ಅಂದ್ರೆ ಯಾರು ಅಂತ ನೀನೇ ಹೇಳ್ತೀಯ.

ಪ್ರಶ್ನೆ: ಪೇಪರಲ್ಲಿ ‘ಭ್ರಷ್ಟಾಚಾರ ತಾಂಡವವಾಡುತ್ತಿದೆ’, ‘ಬಡತನ ತಾಂಡವವಾಡುತ್ತಿದೆ’ ಅಂತ ಬರೀತಾರೆ. ದೇವರ ನೃತ್ಯವನ್ನ ಇಂಥದ್ದಕ್ಕೆ ಬಳಸಬಹುದಾ?
(ಶಿವಮೊಗ್ಗದ ನಿವೃತ್ತ ಮೇಷ್ಟ್ರು)

ಉತ್ತರ: ಬಳಸಿ ಬಳಸಿ ಸವೆದೇ ಹೋಗಿದೆ ಸಾರ್, ಇನ್ನು ತಡೆಯೋಕಾಗಲ್ಲ. ಶಿವನ ಅಪ್ಪಣೆಯಂತೆ ತಂಡು ಅನ್ನೋನು ಕಲಿಸಿದ್ದಕ್ಕೆ ತಾಂಡವ ಅಂತ ಹೆಸರು ಅಂತ ನಾಟ್ಯಶಾಸ್ತ್ರದ ನಾಲ್ಕನೇ ಅಧ್ಯಾಯ ಹೇಳತ್ತೆ, 108 ಕರಣಗಳ, ಅಂದ್ರೆ ಕೈಕಾಲು ಕೂಡಿಸಿ ಮಾಡೋ ಚಲನೆಗಳ ವಿವರ ಬರೋದೂ ಅಲ್ಲೇ. ಅಲ್ಲಿ ಅದು ನಾಶದ ಕುಣಿತ ಅಂತೇನೂ ಇಲ್ಲ, ಪೂಜೆಗೆ ಸೇರಿದ ನೃತ್ತ. ಆಮೇಲೆ ಜನರ ಕಣ್ಣಿಗೆ ಕಟ್ಟಿದ್ದು ಪ್ರಳಯದ ರುದ್ರ, ಅಂಕೆಯಿಲ್ಲದ ಆರ್ಭಟ, ಪೇಪರಿನೋರು ಹಿಡ್ಕೊಂಡಿದ್ದು ಆ ಒಂದನ್ನೇ. ನಂಗೆ ಬೇಜಾರು ತಾಂಡವದ ಬಗ್ಗೆ ಅಲ್ಲ, ಲಾಸ್ಯದ ಬಗ್ಗೆ. ಪಾರ್ವತಿಯ ಲಾಸ್ಯ ಅಂತಾರಲ್ಲ, ಉಲ್ಲಾಸ, ವಿಲಾಸಗಳ ಅಕ್ಕ ತಂಗಿ ಆ ಪದ, ಹುಡುಗೀರಿಗೆ ಹೆಸರಿಡೋದು ಬಿಟ್ರೆ ಇನ್ನೆಲ್ಲೂ ಕಾಣಲ್ಲ. ಒಳ್ಳೇದು ಏನಾದ್ರೂ ಹಬ್ಬಿದ್ರೆ ‘ಲಾಸ್ಯವಾಡುತ್ತಿದೆ’ ಅಂತ ಯಾವ ಹೆಡ್‌ಲೈನೂ ಬರಲ್ಲ.

ಪ್ರಶ್ನೆ: ನಮ್ಮೂರ ಹಬ್ಬದ ಆಹ್ವಾನ ಪತ್ರಿಕೆಯಲ್ಲಿ ‘ಪೂಜಾ ಕುಣಿತ’ ಅಂತ ಹಾಕಿಸಿದ್ದೆ. ಕಮಿಟಿಯವ್ರು ಅದನ್ನ ‘ಪೂಜಾ ನೃತ್ಯ’ ಅಂತ ತಿದ್ದಿಸಿದ್ರು, ಕುಣಿತ ಅಂದ್ರೆ ಹಳ್ಳಿ ಥರ ಆಗತ್ತಂತೆ. ಯಾರದು ಸರಿ?
(ಮದ್ದೂರು ಕಡೆಯಿಂದ)

ಉತ್ತರ: ನಿಮ್ಮದೇ ಸರಿ, ನೂರಕ್ಕೆ ನೂರು. ಹಳ್ಳಿ ಥರ ಆಗತ್ತೆ ಅಂದ್ರೆ ಏನು ಸ್ವಾಮಿ, ಅದು ಹಳ್ಳೀದೇ ಅಲ್ವಾ? ಬಿದಿರ ತಡಿಕೆಗೆ ಸೀರೆ ಹೂವು ದೇವಿ ಮುಖ ಎಲ್ಲಾ ಕಟ್ಟಿ ತಲೆ ಮೇಲೆ ಹೊತ್ಕೊಂಡು, ಕೈ ಬಿಟ್ಟು, ತಮಟೆ ಏಟಿಗೆ ಗಿರಗಿರ ತಿರುಗ್ತಾ ಕುಣಿಯೋದು, ಅದನ್ನ ನಿಮ್ಮ ಮಂಡ್ಯ, ರಾಮನಗರ, ಬೆಂಗಳೂರು ಸುತ್ತ ಜನ ತಲತಲಾಂತರದಿಂದ ಪೂಜಾ ಕುಣಿತ ಅಂತ ಕರ್ಕೊಂಡು ಬಂದಿದಾರೆ. ಅದು ಹೆಸರು, ಅಂಕಿತನಾಮ ಇದ್ದಂಗೆ. ಕೆಂಪಮ್ಮನ್ನ ಆಹ್ವಾನ ಪತ್ರಿಕೇಲಿ ರಕ್ತವರ್ಣಾಂಬಾ ಅಂತ ತಿದ್ದಿಸ್ತಾರಾ ನಿಮ್ಮ ಕಮಿಟಿಯವ್ರು?

ಪಟದ ಕುಣಿತ, ಮುಖವಾಡ ಹೊತ್ತ ಸೋಮನ ಕುಣಿತ, ಮೈಲಾರಲಿಂಗನ ಭಕ್ತರಾದ ಗೊರವರು ತಲೆಗೆ ಕರಡಿ ಕೂದಲ ಟೋಪಿ ಹಾಕ್ಕೊಂಡು ಡಮರುಗ ಆಡಿಸ್ತಾ ಕುಣಿಯೋ ಗೊರವರ ಕುಣಿತ, ಬೀರೇಶ್ವರನ ಒಕ್ಕಲಾದ ಕುರುಬರ ಡೊಳ್ಳು ಕುಣಿತ, ಉತ್ತರ ಕನ್ನಡದ ಹಾಲಕ್ಕಿಗಳು ಹೋಳಿ ಹೊತ್ತಿಗೆ ತಲೆ ಮೇಲೆ ತುರಾಯಿ ಕಟ್ಕೊಂಡು ಊರೂರು ತಿರುಗೋ ಸುಗ್ಗಿ ಕುಣಿತ. ಒಂದಕ್ಕಾದ್ರೂ ನೃತ್ಯ ಅಂಟಲ್ಲ. ಕೆಲವಕ್ಕಂತೂ ಕುಣಿತ ಅನ್ನೋ ಬಾಲಾನೂ ಬೇಕಿಲ್ಲ, ವಾದ್ಯದ ಹೆಸರೇ ಸಾಕು. ಮಾದಪ್ಪನ ದೇವರಗುಡ್ಡರು ಕಂಚಿನ ತಾಳ ಬೀಸಿ ಬೀಸಿ ಕುಣಿಯೋದು ‘ಬೀಸು ಕಂಸಾಳೆ’, ಮುಗೀತು. ವೀರಭದ್ರನ ವೇಷ ತೊಟ್ಟು ದಕ್ಷಯಜ್ಞದ ಕಥೆಯ ಒಡಪು ಹೇಳ್ತಾ ಕತ್ತಿ ಹಿಡಿದು ಹೆಜ್ಜೆ ಹಾಕೋದು ವೀರಗಾಸೆ, ಹುಬ್ಬಳ್ಳಿ ಧಾರವಾಡ ಕಡೆ ಆದ್ರೆ ಪುರವಂತರು.

ಈ ಮೇಲು ಕೀಳು ನಿಮ್ಮ ಕಮಿಟಿಯವ್ರ ತಲೇಲಿ ಮಾತ್ರ ಇದ್ದಿದ್ರೆ ಬಿಡಬಹುದಿತ್ತು. ಸರ್ಕಾರದ ಅಕಾಡೆಮಿಗಳ ಬೋರ್ಡು ನೋಡಿ: ಸಂಗೀತ ನೃತ್ಯ ಅಕಾಡೆಮಿ ಒಂದು ಕಡೆ, ಜಾನಪದ ಅಕಾಡೆಮಿ ಒಂದು ಕಡೆ, ಯಕ್ಷಗಾನಕ್ಕೆ ಬಯಲಾಟಕ್ಕೆ ಬೇರೆ ಬೇರೆ. ಕೆಲಸದ ಅನುಕೂಲಕ್ಕೆ ಹಂಗೆ ಮಾಡಿರಬಹುದು, ನಾನು ಬೇಡ ಅನ್ನಲ್ಲ, ಆದ್ರೆ ‘ನೃತ್ಯ’ ಅನ್ನೋ ಬೋರ್ಡಿನ ಕೆಳಗೆ ಡೊಳ್ಳಿನೋರು ಬರಲ್ಲ ಅನ್ನೋದನ್ನ ಜನ ನೋಡ್ತಾರೆ, ನೋಡಿ ಕಲೀತಾರೆ, ಆಮೇಲೆ ತಮ್ಮೂರ ಕುಣಿತಕ್ಕೆ ನೃತ್ಯ ಅಂತ ಬಣ್ಣ ಹೊಡೆಸೋಕೆ ಹೊರಡ್ತಾರೆ. ಡೊಳ್ಳು ಕಟ್ಕೊಂಡು ಒಂದು ಕಾಲು ಗಂಟೆ ಕುಣಿದು ನೋಡೋಕೆ ಹೇಳಿ ಅವರಿಗೆ, ಯಾವುದು ಕಷ್ಟ ಅಂತ ತಿಳಿಯತ್ತೆ. ಮುಂದಿನ ವರ್ಷ ಪ್ರೂಫ್ ನೀವೇ ನೋಡಿ, ಪ್ರೆಸ್ಸಿಗೆ ನೀವೇ ಹೋಗಿ.

ಪ್ರಶ್ನೆ: ಡ್ಯಾನ್ಸ್ ಅಂತ ಕನ್ನಡದಲ್ಲಿ ಬರೆದ್ರೆ ತಪ್ಪಾ?
(ಬೆಂಗಳೂರು)

ಉತ್ತರ: ಇಲ್ಲ. ‘ಮದುವೇಲಿ ಮಸ್ತ್ ಡ್ಯಾನ್ಸ್ ಮಾಡಿದ್ವಿ’ ಅನ್ನೋ ಕಡೆ ‘ನರ್ತಿಸಿದೆವು’ ಅಂತ ಬರೆದ್ರೆ ಆ ಮದುವೆಗೆ ನೀವು ಹೋಗೇ ಇಲ್ಲ ಅನ್ಸತ್ತೆ. ಸಿನಿಮಾದ ಐಟಂ ಡ್ಯಾನ್ಸು, ಟಪ್ಪಾಂಗುಚ್ಚಿ ಸ್ಟೆಪ್ಪು, ಇವೆಲ್ಲ ಈಗ ಕನ್ನಡವೇ. ಆದ್ರೆ ‘ಕುಣಿದ್ವಿ’ ಅಂದ್ರೂ ಅಷ್ಟೇ ಮಜಾ ಬರತ್ತೆ, ಬರೆಯೋ ಅಕ್ಷರ ಒಂದೆರಡು ಉಳಿತಾಯಾನೂ ಆಗತ್ತೆ.

ಪ್ರಶ್ನೆ: ನಮ್ಮ ಮಗ ಇಲ್ಲಿ ಕನ್ನಡ ಸಂಘದ ಪ್ರೋಗ್ರಾಮಲ್ಲಿ ಸ್ಟೇಜ್ ಹತ್ತೋಕೆ ಹೆದರ್ತಿದ್ದ. ‘ನಾಚ್ಕೋಬೇಡ ಕಣೋ’ ಅಂದ್ರೆ, ‘ನಾಚಬೇಡ ಅಂತೀಯ, ಆದ್ರೆ ಡ್ಯಾನ್ಸ್ ಮಾಡು ಅಂತಾನೂ ಅಂತೀಯ’ ಅಂತ ಕೇಳಿದ. ಹಿಂದಿ ಹಾಡು ಜಾಸ್ತಿ ಕೇಳ್ತಾನೆ. ಎರಡೂ ಒಂದೇ ಮೂಲಾನಾ?
(ಟೆಕ್ಸಾಸ್‌ನಿಂದ)

ಉತ್ತರ: ಎಂಥ ಹುಡುಗ ರೀ! ಇಲ್ಲ, ಮೂಲ ಬೇರೆ. ಹಿಂದಿಯ ನಾಚ್ ಬಂದಿದ್ದು ನೃತ್ಯದಿಂದ, ಪ್ರಾಕೃತದಲ್ಲಿ ‘ಣಚ್ಚ’ ಆಗಿ ಆಮೇಲೆ ನಾಚ್ ಆಯ್ತು. ಕನ್ನಡದ ನಾಚು ನಮ್ಮದೇ, ಹಳಗನ್ನಡದ ‘ನಾಣ್’, ಅಂದ್ರೆ ಲಜ್ಜೆ, ಅದರ ಮನೆಯದ್ದು. ನಾಚದೇ ನಾಚೋದು ಹೆಂಗೆ ಅಂತ ನಿಮ್ಮ ಮಗನಿಗೇ ಬಿಡಿ, ಅವನು ಕಂಡ್ಕೋತಾನೆ.

ಪ್ರಶ್ನೆ: ಮೊಬೈಲಲ್ಲಿ ಟೈಪ್ ಮಾಡುವಾಗ ಕೆಲವರು ‘ನ್ರತ್ಯ’ ಅಂತ ಬರೀತಾರೆ, ಕೆಲವರು ‘ನೃತ್ಯ’. ಮತ್ತೆ ‘ನೃತ್ಯಿಸು’ ಅನ್ನಬಹುದಾ?
(ದಾವಣಗೆರೆ)

ಉತ್ತರ: ನ ಕೆಳಗೆ ವಟ್ರಸುಳಿ ಬರಬೇಕು, ರ ಒತ್ತು ಅಲ್ಲ. ‘ನೃತ್ಯ’ ಸರಿ, ‘ನ್ರತ್ಯ’ ತಪ್ಪು. ನಾವೆಲ್ಲ ಋ ಅನ್ನೋದನ್ನ ರು ಥರ ಅನ್ನೋದ್ರಿಂದ ಕೈ ತಪ್ಪತ್ತೆ. ‘ನೃತ್ತ’ ಅಂತ ಕಂಡ್ರೆ ಅದು ಟೈಪಿಂಗ್ ಮಿಸ್ಟೇಕ್ ಅಂದ್ಕೊಂಡು ತಿದ್ದಬೇಡಿ, ಅದು ಬೇರೆ ಪದ ಅಂತ ಮೊದಲನೇ ಉತ್ತರದಲ್ಲೇ ಹೇಳಿದೀನಿ. ‘ನೃತ್ಯಿಸು’ ರೂಢಿಯಲ್ಲಿಲ್ಲ, ‘ನರ್ತಿಸು’ ಇದೆ, ‘ನೃತ್ಯ ಮಾಡು’ ಇದೆ. ಎರಡೂ ಉದ್ದ ಅನ್ಸಿದ್ರೆ ‘ಕುಣಿ’ ಇದೆ, ಎರಡೇ ಅಕ್ಷರ.